ಸೋತೆ ಅಂದದ್ದು ಕೇಳಲಿಲ್ಲ

ಹೋದ ತಿಂಗಳು ಒಂದು ಭಾನುವಾರ ಪುಣೆಯಿಂದ ನನ್ನ ಮಗಳ ಮಗಳು ವಿಡಿಯೊ ಕರೆ ಮಾಡಿದಳು. ಐದನೇ ತರಗತಿಯ ಹುಡುಗಿ, ಮಾತು ಅರಳು ಹುರಿದಂತೆ. ನಾನು ಕಂಪ್ಯೂಟರಿನ ಮುಂದೆ ಕೂತು ಎಂದಿನಂತೆ ನಗುನಗುತ್ತಾ ತಲೆಯಾಡಿಸುತ್ತಿದ್ದೆ. ಶಾಲೆಯ ಕೇರಂ ಪಂದ್ಯದ ಸುದ್ದಿ ಬಂತು. "ಅಜ್ಜ, ಫೈನಲ್‌ನಲ್ಲಿ ನಾನು ಸೋತೆ" ಅಂದಳಂತೆ. ನನಗೆ ಸಿಕ್ಕಿದ್ದು "ನಾನು" ಅನ್ನುವುದೊಂದೇ. "ಭೇಷ್! ಹೀಗೇ ಆಗತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು!" ಅಂದುಬಿಟ್ಟೆ.

ಮುಂದಿನ ಭಾನುವಾರ ಅವಳು ಮಾತಾಡಲು ಬರಲೇ ಇಲ್ಲ. ಕಾರಣ ಹೇಳಿದ್ದು ಅವಳ ಅಮ್ಮ.

ಓದುವ ಅಜ್ಜ ಅಜ್ಜಿಯರೇ, ನಿಮ್ಮ ಹತ್ತಿರ ಮುಚ್ಚಿಡುವುದೇನು? ಎರಡು ವರ್ಷದಿಂದ ನಾನು ಅಂದಾಜಿನ ಮೇಲೇ "ಹೌದಾ", "ಭೇಷ್", "ಪರವಾಗಿಲ್ಲ ಬಿಡು" ಅನ್ನುತ್ತಾ ದಿನ ದೂಡುತ್ತಿದ್ದೆ. ನಿಮ್ಮಲ್ಲೂ ಕೆಲವರಿಗೆ ಈ ವಿದ್ಯೆ ಗೊತ್ತಿರಬಹುದು.

ಮಕ್ಕಳೇ, ಈಗ ನೀವೊಂದು ಕೆಲಸ ಮಾಡಿ. ಗಂಟಲ ಮೇಲೆ ಬೆರಳಿಟ್ಟು "ಆ..." ಅನ್ನಿ. ಗಂಟಲು ನಡುಗುತ್ತದೆ. ಹಾಗೇ ಇಟ್ಟುಕೊಂಡು "ಸ್‌ಸ್‌ಸ್..." ಅನ್ನಿ. ನಡುಕವೇ ಇಲ್ಲ, ಬರೀ ಗಾಳಿ. ಆ, ಓ, ಊ ಬಲವಾದ ದನಿಗಳು, ಕೆಳಗಿನ ಸ್ಥಾಯಿಯವು. ಸ, ಶ, ಫ ಬಡಪಾಯಿಗಳು, ಅವುಗಳ ಶಕ್ತಿ ಮೇಲಿನ ಸ್ಥಾಯಿಯಲ್ಲಿದೆ. "ಸ" ಕಾರದ ಬಹುಪಾಲು 4000 ಹರ್ಟ್ಸ್‌ಗಿಂತ ಮೇಲೇ ಇರುತ್ತದೆ. ಎಳೆಯ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ವಯಸ್ಸಾದಂತೆ ಸವೆಯುವುದು ಮೇಲಿನ ತುದಿಯಿಂದ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ನನಗೆ ಚೆನ್ನಾಗಿಯೇ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನೀವು ಕಿರುಚಿದರೆ "ಆ" ಇನ್ನೂ ದೊಡ್ಡದಾಗುತ್ತದೆ, ಪಾಪದ "ಸ" ಇದ್ದಲ್ಲೇ ಇರುತ್ತದೆ. ಸಾರು ಬೇಕಾ ಅಂದರೆ ಆರು ಬೇಕಾ ಅಂತ ಕೇಳುತ್ತದೆ. ಅಜ್ಜನ ಹತ್ತಿರ ಕಿರುಚಬೇಡಿ. ಎದುರಿಗೆ ನಿಂತು ನಿಧಾನವಾಗಿ ಹೇಳಿ.

ಕಿವಿ ಡಾಕ್ಟರ ಹತ್ತಿರ ಹೋದೆ. ಗುಗ್ಗೆ ತೆಗೆದರು, ಪರೀಕ್ಷೆ ಮಾಡಿದರು, ಒಂದು ಕಾಗದ ಕೊಟ್ಟರು. ಅದರ ಮೇಲಿನ ಗೆರೆ ಎಡದಲ್ಲಿ ಸಮ, ಬಲಕ್ಕೆ ಹೋದಂತೆ ಘಟ್ಟ ಇಳಿದ ಹಾಗೆ ಕೆಳಗೆ. ಕಿವಿಯ ಯಂತ್ರ ಬೇಕೇ ಬೇಕು ಅಂದರು. ಅದಕ್ಕೂ ಅಳತೆ ಕೊಟ್ಟು ಬಂದಿದ್ದೇನೆ.

ಮನೆಯಲ್ಲಿ ಆ ಕಾಗದ ನೋಡಿದ್ದು ಮೊಮ್ಮಗ. ಒಂಬತ್ತನೇ ತರಗತಿ. ಹಿಂದೆ ಅಡಿಕೆ ಚೀಲ ಪೇರಿಸುತ್ತಿದ್ದ ಅಟ್ಟದ ಕೋಣೆ ಈಗ ಅವನ ಸ್ಟುಡಿಯೊ. ಗೋಡೆಗೆ ಹಳೆಯ ಕೌದಿ, ಒಂದು ಮೈಕು, ಹೆಡ್‌ಫೋನು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಪುಟ್ಟ ಪೆಟ್ಟಿಗೆ. ಅಲ್ಲಿ ಹಾಡಿ, ಧ್ವನಿಮುದ್ರಿಸಿ, ತಿದ್ದುತ್ತಾನೆ. ವಿಡಿಯೊ ಕರೆ ಬರುವುದೂ ಅದೇ ಕಂಪ್ಯೂಟರಿಗೆ.

"ಅಜ್ಜ, ಇದು ಈಕ್ವಲೈಜರ್ ಥರಾನೇ ಇದೆಯಲ್ಲ! ಎಲ್ಲಿ ಇಳಿದಿದೆಯೋ ಅಲ್ಲಿ ಎತ್ತಿದರೆ ಆಯ್ತು" ಅಂದ.

ತಿದ್ದಲು ಅವನು ಬಳಸುವುದು ಪ್ಲಗಿನ್‌ಗಳನ್ನು. ಅಂದರೆ ದೊಡ್ಡ ಸಾಫ್ಟ್‌ವೇರಿನೊಳಗೆ ಸೇರಿಕೊಂಡು ಒಂದೊಂದೇ ಕೆಲಸ ಮಾಡುವ ಚಿಕ್ಕ ಸಾಫ್ಟ್‌ವೇರುಗಳು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಅನ್ನುವ ಪದ್ಧತಿ ತಂದ ಮೇಲೆ ಇಂಥವು ಮನೆಮನೆಯ ಕಂಪ್ಯೂಟರಿಗೂ ಬಂದವು. ಆದರೆ ಒಂದು ತೊಡಕು. ಅವು ಸಾಮಾನ್ಯವಾಗಿ ನಡೆಯುವುದು ಧ್ವನಿಮುದ್ರಣದ ಸಾಫ್ಟ್‌ವೇರಿನ ಒಳಗೆ. ಪುಣೆಯಿಂದ ಬರುವ ಮಾತು ಆ ದಾರಿಯಲ್ಲಿ ಬರುವುದೇ ಇಲ್ಲ. ಅಡುಗೆಮನೆಯ ನಲ್ಲಿಗೆ ಬಟ್ಟೆ ಕಟ್ಟಿದರೆ ಬಚ್ಚಲ ನೀರು ಸೋಸುತ್ತದೆಯೇ? ಟ್ಯಾಂಕಿನಿಂದ ಇಳಿಯುವ ಪೈಪಿಗೇ ಕಟ್ಟಬೇಕು.

ಹಾಗೆ ಕಟ್ಟಲು ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಕರೆ, ಸಿನಿಮಾ, ಹಾಡು, ಏನೇ ಬರಲಿ, ಸ್ಪೀಕರಿಗೆ ಹೋಗುವ ಮೊದಲು ಅದರ ಕೈ ದಾಟಿ ಹೋಗಬೇಕು. ಯಾವ ಸ್ಪೀಕರಿಗೆ, ಯಾವ ಹೆಡ್‌ಫೋನಿಗೆ ಅಂತ ಗುರುತು ಹಾಕಿ ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಬೇಕು. ಮ್ಯಾಕ್‌ನಲ್ಲಿ ಸೌಂಡ್‌ಸೋರ್ಸ್, ಲಿನಕ್ಸ್‌ನಲ್ಲಿ ಈಜಿಎಫೆಕ್ಟ್ಸ್ ಇಂಥದೇ ಕೆಲಸ ಮಾಡುತ್ತವೆ.

ಮೊದಲ ದಿನ ಹುಡುಗ ಉತ್ಸಾಹದಲ್ಲಿ 2000 ಹರ್ಟ್ಸ್‌ನಿಂದ ಮೇಲಿನದನ್ನೆಲ್ಲ 8 ಡೆಸಿಬೆಲ್ ಎತ್ತಿಬಿಟ್ಟ. ಹೆಡ್‌ಫೋನು ಹಾಕಿಕೊಂಡೆ. ಹರಿದ ತಮಟೆಯ ಹಾಗೆ ಗರಗರ! ಕಂಪ್ಯೂಟರಿನ ದನಿಗೆ ಒಂದು ಸೂರು ಇದೆಯಂತೆ. ಅದಕ್ಕಿಂತ ಎತ್ತರಕ್ಕೆ ಎಗರಿದ ಅಲೆಯ ತಲೆಯನ್ನು ಕತ್ತರಿಸಿಬಿಡುತ್ತದೆ. ತುಂಬಿದ ತಂಬಿಗೆಗೆ ಮತ್ತೆ ನೀರು ಹೊಯ್ದರೆ ಚೆಲ್ಲದೆ ಇರುತ್ತದೆಯೇ? ಹಾಗಾಗಿ ಎಷ್ಟು ಎತ್ತುತ್ತೇವೋ ಅಷ್ಟನ್ನು ಮೊದಲು ಒಟ್ಟಾರೆಯಾಗಿ ಇಳಿಸಬೇಕು. ಪ್ರೀಆಂಪ್ ಅನ್ನುವಲ್ಲಿ ಮೈನಸ್ 8 ಹಾಕಿದ. ಗರಗರ ನಿಂತಿತು. ಆಮೇಲೆ ನನಗೆ ಸಾಕೆನಿಸುವಷ್ಟು ದನಿಯನ್ನು ಗುಂಡಿ ತಿರುಗಿಸಿ ಏರಿಸಿದೆವು. ಅತಿ ಜೋರು ಬೇಡ, ಉಳಿದ ಕಿವಿಯೂ ಹೋದೀತು.

ಇದೇ ಈಕ್ವಲೈಜರ್ ಎಪಿಒ ಒಳಗೆ ವಿಎಸ್‌ಟಿ ಪ್ಲಗಿನ್‌ಗಳನ್ನೂ ಕೂರಿಸಬಹುದು. ಅವನು ತಂದು ಕೂರಿಸಿದ್ದು ಕಂಪ್ರೆಸರ್. ಅದು ಜೋರು ದನಿಯನ್ನು ತಗ್ಗಿಸಿ, ಜೋರು ಸಣ್ಣದರ ನಡುವಿನ ಅಂತರ ಕಡಿಮೆ ಮಾಡುತ್ತದೆ. ಇದರ ಲಾಭ ನನಗೆ ಸಿಕ್ಕಿದ್ದು ತಾಳಮದ್ದಳೆಯಲ್ಲಿ. ನನ್ನ ಹತ್ತಿರ ಹಳೆಯ ಮುದ್ರಣಗಳಿವೆ. ಭಾಗವತರ ಪದ್ಯಕ್ಕೆ ಚೆಂಡೆ ಬಿದ್ದಾಗ ಕಿವಿ ಹರಿಯುವಷ್ಟು ಜೋರು. ಪದ್ಯ ಮುಗಿದು ಅರ್ಥ ಶುರುವಾದರೆ ಅರ್ಥಧಾರಿ ಪಕ್ಕದ ಮನೆಯಲ್ಲಿ ಕೂತು ಮಾತಾಡಿದಂತೆ. ಪ್ರತಿ ಪದ್ಯಕ್ಕೂ ಗುಂಡಿ ತಿರುಗಿಸಿ ಬೆರಳು ಸವೆದಿತ್ತು. ಆ ರಾತ್ರಿ ಗುಂಡಿ ಮುಟ್ಟದೆ ಎರಡು ಗಂಟೆ ಕೇಳಿದೆ. ಹೆಂಡತಿ ಊಟಕ್ಕೆ ಕರೆದದ್ದು ಕೇಳಲಿಲ್ಲ, ಅದಕ್ಕೆ ಯಾವ ಪ್ಲಗಿನ್ನೂ ಇಲ್ಲ.

ಎಡವಟ್ಟೂ ಆಯಿತು. ಹುಡುಗ ಒಂದು ಹಾಡು ಮುದ್ರಿಸಿ ಮುಗಿಸಿದ್ದ. ಮುದ್ರಣದ ಸಾಫ್ಟ್‌ವೇರ್ ಅವನ ಪೆಟ್ಟಿಗೆಯ ಜೊತೆ ಎಎಸ್‌ಐಒ ಅನ್ನುವ ನೇರ ದಾರಿಯಲ್ಲಿ ಮಾತಾಡುತ್ತದೆ. ಆ ದಾರಿಗೆ ಎಪಿಒ ಸೋಕುವುದಿಲ್ಲ. ಆದರೆ ಮುಗಿದ ಹಾಡನ್ನು ಅವನು ಸಾಮಾನ್ಯ ಪ್ಲೇಯರಿನಲ್ಲಿ ಹಾಕಿ ಕೇಳಿದ. ಅಲ್ಲಿ ಕೂತಿತ್ತಲ್ಲ ನನ್ನ ಸೋಸುಬಟ್ಟೆ! ದನಿ ಚೂಪಾಯಿತು ಅನ್ನಿಸಿ ಮೇಲಿನ ಸ್ಥಾಯಿಯನ್ನೆಲ್ಲ ಇಳಿಸಿ, ಸಂಗೀತದ ಮೇಷ್ಟರಿಗೆ ಕಳಿಸಿಬಿಟ್ಟ. "ಕಂಬಳಿ ಹೊದ್ದು ಹಾಡಿದೀಯೇನೋ?" ಅಂದರಂತೆ. ಮುಖ ಇಷ್ಟು ಸಣ್ಣದು ಮಾಡಿಕೊಂಡು ಕೂತ. ತಪ್ಪು ಅವನದಲ್ಲ, ಕಿವಿ ನನ್ನದು. "ತೆಗೆದುಬಿಡು ಮಾರಾಯ" ಅಂದೆ. ತೆಗೆಯಲಿಲ್ಲ. ನನಗೆ ಬೇರೆ ಹೆಡ್‌ಫೋನು ಕೊಟ್ಟು, ಗುರುತನ್ನು ಅದೊಂದಕ್ಕೇ ಹಾಕಿ, ತನ್ನ ಪೆಟ್ಟಿಗೆಯ ಗುರುತು ಅಳಿಸಿದ. ಅಂಟುಪಟ್ಟಿಯ ಮೇಲೆ "ಅಜ್ಜನದು" ಅಂತ ಬರೆದು ಹೆಡ್‌ಫೋನಿಗೆ ಹಚ್ಚಿದ.

ಮೊನ್ನೆ ಭಾನುವಾರ ಪುಟ್ಟಿಯನ್ನು ಅವಳಮ್ಮ ಎಳೆದು ತಂದು ಕೂರಿಸಿದಳು. ನಾನೇ ಶುರು ಮಾಡಿದೆ. "ಪುಟ್ಟಿ, ಅವತ್ತು ನೀನು ಹೇಳಿದ್ದು ನನಗೆ ಕೇಳಿರಲಿಲ್ಲ."

"ಮತ್ತೆ ನಕ್ಕಿದ್ದು?"

"ಕೇಳದೇ ನಕ್ಕಿದ್ದು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಇಡೀ ಪಂದ್ಯ ಹೇಳಿದಳು. ಕೆಂಪು ರಾಣಿಯನ್ನು ಹಾಕಿದ್ದಳಂತೆ, ಕವರ್ ಮಾಡಬೇಕಾದ ಕಾಯಿ ತೂತಿನ ಅಂಚಿನಲ್ಲಿ ನಿಂತುಬಿಟ್ಟಿತಂತೆ. ಎಲ್ಲ ಕೇಳಿತು.

"ಸರಿ, ಈಗ ಪರೀಕ್ಷೆ" ಅಂದಳು. ಕೈಯಿಂದ ಬಾಯಿ ಮುಚ್ಚಿಕೊಂಡಳು, ತುಟಿ ನೋಡಿ ಊಹಿಸಬಾರದಲ್ಲ. "ಸಾರು ಅಂದ್ನಾ, ಆರು ಅಂದ್ನಾ?"

"ಸಾರು."

ಹತ್ತಕ್ಕೆ ಎಂಟು ಬಂತು. ತಪ್ಪಿದ್ದು ಎರಡೂ "ಫ". ಮುಂದಿನ ಭಾನುವಾರ ಮರುಪರೀಕ್ಷೆ ಇದೆಯಂತೆ.