ಜಕಾರ್ತಾದ ಆದೇಶ, ಚಳ್ಳಕೆರೆಯ ಶೇಂಗಾ

2022ರ ಏಪ್ರಿಲ್ 28ರಂದು ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ತನ್ನ ಜನರಿಗೇ ಅಡುಗೆ ಎಣ್ಣೆ ತುಟ್ಟಿಯಾಗಿದೆ ಎಂಬುದು ಅದು ಕೊಟ್ಟ ಕಾರಣ. ಯುದ್ಧದಿಂದಾಗಿ ಉಕ್ರೇನಿನ ಸೂರ್ಯಕಾಂತಿ ಎಣ್ಣೆಯೂ ಆಗ ಬರುತ್ತಿರಲಿಲ್ಲ. ತನಗೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುವ ಭಾರತ, ವರ್ಷಕ್ಕೆ ತಲಾ 20 ಲಕ್ಷ ಟನ್ ಕಚ್ಚಾ ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗೆ ಸುಂಕ ಮನ್ನಾ ಮಾಡಿತು. ಇಂಡೊನೇಷ್ಯಾದ ನಿಷೇಧ ಮೇ 23ಕ್ಕೇ ತೆರವಾಯಿತು. ನಮ್ಮ ಸುಂಕ ಮನ್ನಾ ಮಾತ್ರ ಎರಡು ವರ್ಷದ ಲೆಕ್ಕದ್ದು.

ಈ ಲೆಕ್ಕದ ಬಿಸಿ ತಟ್ಟುವುದು ಚಳ್ಳಕೆರೆಯಂಥ ಊರಿಗೆ. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಇದಕ್ಕೆ ‘ಎಣ್ಣೆ ನಗರಿ’ ಎಂಬ ಹೆಸರು ಬಂದದ್ದು ಶೇಂಗಾದಿಂದ. ಬೀಜ ಗಿರಣಿಗೆ ಹೋದರೆ ಎಣ್ಣೆ, ಹಿಂಡಿ ಎಮ್ಮೆಗೆ, ಬಳ್ಳಿ ಎತ್ತಿಗೆ, ಸಿಪ್ಪೆ ಒಲೆಗೆ. ಕೆಂಪು ನೆಲದ ಈ ಬೆಳೆಯಲ್ಲಿ ಬಿಸಾಡುವಂಥದ್ದು ಏನೂ ಇಲ್ಲ. 1994ರಲ್ಲಿ ಪಾಮೋಲಿನ್ (ಸಂಸ್ಕರಿಸಿದ ತಾಳೆ ಎಣ್ಣೆ) ಆಮದು ಮುಕ್ತವಾದ ಮೇಲೆ ಊರಿನ ಎಣ್ಣೆ ಮಿಲ್ಲುಗಳು ಸೊರಗುತ್ತಾ ಬಂದವು. ಬರವೂ ಇಳುವರಿಯ ಕುಸಿತವೂ ಅದಕ್ಕೆ ಕಾರಣ, ನಿಜ. ಆದರೆ ಬರಕ್ಕೆ ಒಗ್ಗಿಕೊಂಡಿದ್ದ ಊರಿಗೆ ಪಾಮೋಲಿನ್ ಎದುರು ನಿಲ್ಲಲಾಗಲಿಲ್ಲ.

ಇಂಡೊನೇಷ್ಯಾವೂ ಸೇರಿದ ಆಸಿಯಾನ್ ದೇಶಗಳೊಂದಿಗಿನ ಭಾರತದ ಸರಕು ವ್ಯಾಪಾರ ಒಪ್ಪಂದ 2010ರ ಜನವರಿಯಿಂದ ಜಾರಿಯಲ್ಲಿದೆ. ಅಭಿವೃದ್ಧಿಶೀಲ ದೇಶಗಳು ತಮ್ಮತಮ್ಮೊಳಗೆ ವ್ಯಾಪಾರ ಹೆಚ್ಚಿಸಿಕೊಳ್ಳುವುದು ಒಳ್ಳೆಯದೇ. ತೊಂದರೆ ಇರುವುದು ಮಾತು ಪೂರಾ ಸುಂಕದ ಸುತ್ತಲೇ ನಡೆಯುವುದರಲ್ಲಿ, ಆ ಸುಂಕವೂ ಒಂದೆಡೆ ನಿಲ್ಲದಿರುವುದರಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲಗಳ ಮೂಲ ಸುಂಕ ಶೇ 20ಕ್ಕೆ ಏರಿತು. 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಯಿತು. ಅದು ಚಳ್ಳಕೆರೆಯ ರೈತ ಬೀಜ ಹೊಂದಿಸಿಕೊಂಡು ಮಳೆಗೆ ಕಾಯುವ ಸಮಯ. ಬಿತ್ತುವಾಗ ಒಂದು ದರ ನೋಡಿ ಕೀಳುವಾಗ ಇನ್ನೊಂದು ದರ ಕಾಣುವವನು ಯಾವ ಧೈರ್ಯದ ಮೇಲೆ ಸಾಲ ಮಾಡಬೇಕು?

ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ನಡುವಿನ ಸಾಫ್ಟಾ ಮುಕ್ತ ವ್ಯಾಪಾರ ಒಪ್ಪಂದದ ಕತೆ ಇನ್ನೊಂದು ಬಗೆಯದು. 2006ರಲ್ಲಿ ಜಾರಿಗೆ ಬಂದ ಇದರಡಿ ನೇಪಾಳದಂಥ ಹಿಂದುಳಿದ ದೇಶಗಳ ಬಹುತೇಕ ಸರಕಿಗೆ ಸುಂಕವಿಲ್ಲ. ತಾಳೆ ಬೆಳೆಯದ ನೇಪಾಳದ ಕಾರ್ಖಾನೆಗಳು ಹೊರಗಿನ ಕಚ್ಚಾ ತಾಳೆ ಎಣ್ಣೆಯನ್ನು ಸಂಸ್ಕರಿಸಿ ಭಾರತಕ್ಕೆ ಕಳಿಸುವುದು ಹೀಗೆ. ನೇಪಾಳಿಗರನ್ನು ದೂರಬೇಕಿಲ್ಲ, ಆ ಕಾರ್ಖಾನೆಗಳಲ್ಲಿ ದುಡಿಯುವವರೂ ಬಡವರೇ. ಸರಕು ಎಲ್ಲಿ ಹುಟ್ಟಿತೆಂದು ನೋಡುವ ನಿಯಮವನ್ನು ಬಿಗಿ ಮಾಡಬೇಕು, ಅಷ್ಟೇ.

ಪಕ್ಕದ ಮೊಳಕಾಲ್ಮುರಿಗೆ ಬಂದರೆ ವಿಷಯ ಇನ್ನೂ ಜಟಿಲ. ಇಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣದ ಸೀರೆಗೆ ಮಗ್ಗದಲ್ಲಿ ಮೂರು ಲಾಳಿ ಓಡಬೇಕು. ಎರಡೂ ಅಂಚಿನಲ್ಲಿ ಎಳೆಗೆ ಎಳೆ ಕೂಡಿಸುತ್ತಾ ಹೋಗಬೇಕು. ನೂಲು ತುಟ್ಟಿಯಾದರೆ ಆ ನೇಕಾರನಿಗೆ ಕಷ್ಟ, ಅಗ್ಗವಾದರೆ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ತರುವ ರೈತನಿಗೆ ಕಷ್ಟ. ಕಚ್ಚಾ ರೇಷ್ಮೆಯ ಸುಂಕವನ್ನು 2011ರ ಬಜೆಟ್ ಶೇ 30ರಿಂದ ಶೇ 5ಕ್ಕೆ ಇಳಿಸಿತು. 2013ರ ಬಜೆಟ್ ಶೇ 15ಕ್ಕೆ ಏರಿಸಿತು. ನಡುವೆ ಶೇ 10ಕ್ಕೆ ಇಳಿದಿದ್ದ ಅದು 2021ರಲ್ಲಿ ಮತ್ತೆ ಶೇ 15 ಆಯಿತು. ಇಷ್ಟು ಹೊಯ್ದಾಟದಲ್ಲಿ ಚೀನಾ ರೇಷ್ಮೆಯ ವ್ಯಾಪಾರಿ ಲಾಭ ಮಾಡಿಕೊಳ್ಳಬಲ್ಲ; ಒಂದು ಸೀರೆಗೆ ವಾರಗಟ್ಟಲೆ ಮಗ್ಗಕ್ಕಿಳಿಯುವವನು ಅಲ್ಲ.

ಸಹಕಾರದ ಒಳ್ಳೆಯ ಮಾದರಿಗಳು ಇಲ್ಲವೆಂದಲ್ಲ, ನಮ್ಮ ಸುತ್ತಲೇ ಇವೆ. ಆಂಧ್ರದ ಕದಿರಿ ಸಂಶೋಧನಾ ಕೇಂದ್ರದ ಕೆ-6 ಶೇಂಗಾ ತಳಿ ಗಡಿ ದಾಟಿ ಚಳ್ಳಕೆರೆಯ ಹೊಲಗಳಿಗೆ ಬಂದಿದೆ. 1972ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಶುರುವಾದ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಬರ ತಡೆಯುವ ಶೇಂಗಾ ತಳಿಗಳನ್ನು ನೆರೆಯ ಅನಂತಪುರಕ್ಕೂ ಕೊಟ್ಟಿತು, ಆಫ್ರಿಕಾದ ಮಲಾವಿ, ಮಾಲಿಗಳಲ್ಲೂ ದುಡಿಯಿತು. ಅಂತರರಾಷ್ಟ್ರೀಯ ರೇಷ್ಮೆ ಆಯೋಗ 2013ರಲ್ಲಿ ಫ್ರಾನ್ಸ್‌ನಿಂದ ಬೆಂಗಳೂರಿಗೇ ಬಂತು. ಬಾಂಗ್ಲಾದೇಶ, ಕೀನ್ಯಾದಂಥ ದೇಶಗಳು ಅದರ ಸದಸ್ಯರು. ಸಾರ್ಕ್ ಸಚಿವಾಲಯ ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ. ಆ ಸಾರ್ಕ್ ಶೃಂಗಸಭೆ 2014ರ ಕಠ್ಮಂಡು ಸಭೆಯ ನಂತರ ಸೇರಿಲ್ಲ ಎಂಬುದು ನೋವಿನ ಸಂಗತಿ. ಬೀಜ, ರೋಗ, ನೂಲಿನ ಗುಣಮಟ್ಟ, ಬೆಲೆಯ ಮುನ್ಸೂಚನೆ ಇವುಗಳಲ್ಲಿ ಕೈಜೋಡಿಸಿದರೆ ಯಾವ ದೇಶದ ರೈತನಿಗೂ ನಷ್ಟವಿಲ್ಲ.

ಆಸಿಯಾನ್ ಒಪ್ಪಂದದ ಮರುಪರಿಶೀಲನೆಯನ್ನು 2025ರೊಳಗೆ ಮುಗಿಸಬೇಕೆಂದು 2023ರಲ್ಲಿ ಎರಡೂ ಕಡೆಯವರು ಒಪ್ಪಿದ್ದರು. ಈ ಮಾತುಕತೆಯ ಸುದ್ದಿ ಚಳ್ಳಕೆರೆಯ ಎಪಿಎಂಸಿ ಪ್ರಾಂಗಣಕ್ಕೂ ಮೊಳಕಾಲ್ಮುರಿನ ಮಗ್ಗದ ಮನೆಗೂ ಮುಟ್ಟಿಸುವುದು ಸಂಸದರ ಮತ್ತು ರಾಜ್ಯ ಸರ್ಕಾರದ ಕೆಲಸ. ಬಿತ್ತನೆಯಿಂದ ಕೊಯ್ಲಿನವರೆಗೆ ಖಾದ್ಯ ತೈಲದ ಸುಂಕ ಬದಲಿಸುವುದಿಲ್ಲ ಎಂಬ ಒಂದು ಭರವಸೆಯನ್ನಾದರೂ ಅವರು ದೆಹಲಿಯಿಂದ ಪಡೆದು ತರಲಿ.