ಶಿಫಾರಸಿನ ನ್ಯಾಯ ನಮಗೆ ಬೇಡ

ಕಳ್ಳತನ ಮಾಡಿದ ಕುಲೀನ ಮಹಿಳೆಯ ಪರವಾಗಿ ಉಸಾಮಾ(ರ) ಶಿಫಾರಸು ಮಾಡಿದಾಗ ಪ್ರವಾದಿವರ್ಯರು(ಸ) ಅದನ್ನು ಕಟುವಾಗಿ ತಿರಸ್ಕರಿಸಿದರು. 2024ರ ಅಕ್ಟೋಬರ್‌ನಲ್ಲಿ ಆ ಪಾಠ ನಮಗೆ ನೆನಪಾಗಬೇಕಿತ್ತು. ಹಳೇ ಹುಬ್ಬಳ್ಳಿಯ 2022ರ ಗಲಭೆ ಪ್ರಕರಣವೂ ಸೇರಿ 43 ಮೊಕದ್ದಮೆಗಳನ್ನು ಹಿಂಪಡೆಯಲು ರಾಜ್ಯ ಸರಕಾರ ಆದೇಶಿಸಿತ್ತು. ಹರ್ಷಿಸಿದವರು ನಮ್ಮಲ್ಲೂ ಇದ್ದರು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿದ್ದು ಸರಿಯೇ.

ಮೊಕದ್ದಮೆ ಹಿಂಪಡೆಯಬೇಕೇ ಎಂಬುದನ್ನು ಕಡತ ಓದಿ ಸ್ವತಃ ನಿರ್ಧರಿಸಬೇಕಾದವರು ಸರಕಾರಿ ಅಭಿಯೋಜಕರು, ಸಮ್ಮತಿಸಬೇಕಾದದ್ದು ನ್ಯಾಯಾಲಯ. ಸಚಿವ ಸಂಪುಟ ಹೇಳಿದಲ್ಲಿ ಸಹಿ ಹಾಕುವ ಅಭಿಯೋಜಕರು, ಸರಕಾರ ಬದಲಾದ ದಿನ ನಮ್ಮ ನಿರಪರಾಧಿ ಮಕ್ಕಳ ವಿರುದ್ಧವೂ ಹಾಗೆಯೇ ಸಹಿ ಹಾಕುವರು. ಹುಬ್ಬಳ್ಳಿಯ ಆರೋಪಿಗಳಲ್ಲಿ ನಿರಪರಾಧಿಗಳಿದ್ದರೆ ಅವರಿಗೆ ಸಲ್ಲಬೇಕಾದದ್ದು ಶೀಘ್ರ ವಿಚಾರಣೆ. ನಮ್ಮ ಬೇಡಿಕೆ ಅದಾಗಲಿ. ಜೊತೆಗೆ, ಮೊಕದ್ದಮೆ ಹಿಂಪಡೆಯುವ ಪ್ರತಿ ಅಭಿಯೋಜಕರೂ ಕಾರಣವನ್ನು ಬರೆದು ಸಾರ್ವಜನಿಕಗೊಳಿಸಲಿ.