ಷರತ್ತಿನ ವಾಸ, ಷರತ್ತಿಲ್ಲದ ಸಮ್ಮತಿ

‘ವರ ಅಮೆರಿಕದ ಪೌರ’ ಎಂದೊಡನೆ ಪಡೀಲ್ ಪರಿಸರದ ಹೆತ್ತವರಿಗೂ ಮಗಳ ಗ್ರೀನ್ ಕಾರ್ಡ್ ಕೈಸೇರಿದಂತೆಯೇ. ಆದರೆ ಅಲ್ಲಿನ 1986ರ ಕಾಯಿದೆಯಂತೆ, ಮದುವೆಯಾಗಿ 2 ವರ್ಷ ತುಂಬುವ ಮೊದಲು ದೊರೆಯುವ ವಾಸದ ಹಕ್ಕು ಷರತ್ತಿಗೊಳಪಟ್ಟುದು. ಅದರ ಅವಧಿಯೂ 2 ವರ್ಷ. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ದಂಪತಿಗಳು ಜಂಟಿಯಾಗಿ ಅರ್ಜಿ ಸಲ್ಲಿಸಿ, ತಮ್ಮ ದಾಂಪತ್ಯ ಕಪಟವಲ್ಲವೆಂದು ರುಜುವಾತುಪಡಿಸಬೇಕು. ಉದ್ದೇಶ ಆಕ್ಷೇಪಾರ್ಹವಲ್ಲ. ಆದರೆ ಪತಿಯ ಸಹಿಯೇ ಪತ್ನಿಯ ನೆಲೆಗೆ ಆಧಾರವಾದಾಗ, ದುಷ್ಟನ ಕೈಯಲ್ಲಿ ಅದು ಆಯುಧವಾಗುತ್ತದೆ. ಹಿಂಸೆಗೊಳಗಾದವಳು ಅಥವಾ ವಿಚ್ಛೇದಿತೆ ತಾನೊಬ್ಬಳೇ ಅರ್ಜಿ ಸಲ್ಲಿಸಬಹುದು; ಅದಕ್ಕೆ 90 ದಿನಗಳ ಕಟ್ಟೂ ಇಲ್ಲ. ವಿಮಾನವೇರುವ ಮೊದಲೇ ನಮ್ಮ ಹೆಣ್ಣುಮಕ್ಕಳು ಇದನ್ನು ಅರಿತಿರಬೇಕು.

ಧರ್ಮಸಭೆಯ ನ್ಯಾಯ ಇದಕ್ಕೆ ವ್ಯತಿರಿಕ್ತ. 1983ರ ಸಂಹಿತೆಯ 1102ನೇ ವಿಧಿಯಂತೆ, ಭವಿಷ್ಯದ ಷರತ್ತಿಗೊಳಪಡಿಸಿದ ವಿವಾಹ ಸಿಂಧುವಾಗದು. ವಿದೇಶವಾಸದ ಆಸೆಯಿದ್ದ ಮಾತ್ರಕ್ಕೆ ವಿವಾಹ ಅಸಿಂಧುವಲ್ಲ. ಆಸೆ ಬೇರೆ, ಷರತ್ತು ಬೇರೆ. ‘ಕಾರ್ಡ್ ದೊರೆತರೆ ಮಾತ್ರ ನೀನು ನನ್ನ ಸಂಗಾತಿ’ ಎಂಬುದು ಷರತ್ತು.

ವರನ ಪೌರತ್ವದ ದಾಖಲೆ ಕೇಳುವ ಹೆತ್ತವರು, ಅವನು ಅವಿವಾಹಿತನೆಂಬ ಪತ್ರವನ್ನೂ ಅಲ್ಲಿಯ ಧರ್ಮಕೇಂದ್ರದಿಂದ ತರಿಸಿಕೊಳ್ಳಲಿ. ಗುರುಗಳಾದ ನಾವು ಅದನ್ನು ಕೇಳುವ ವೇಳೆಗೆ ಆಮಂತ್ರಣಪತ್ರಿಕೆ ಅಚ್ಚಾಗಿರುತ್ತದೆ.